ಹೆದ್ದಾರಿ ಗಸ್ತು ಗಾಡಿಯ ಡಿಕ್ಕಿಯಲ್ಲಿ ಏನಿರಬೇಕು? ಗೃಹ ಸಚಿವರಿಗೆ ಮಂಡ್ಯದಿಂದ ಒಂದು ಬಹಿರಂಗ ಪತ್ರ

ಗೆ,
ಮಾನ್ಯ ಗೃಹ ಸಚಿವರು,
ಕರ್ನಾಟಕ ಸರ್ಕಾರ, ವಿಧಾನಸೌಧ,
ಬೆಂಗಳೂರು.

ವಿಷಯ: ಬೆಂಗಳೂರು–ಮೈಸೂರು ಹೆದ್ದಾರಿ ಹಾಗೂ ಮಂಡ್ಯ ಜಿಲ್ಲೆಯ ನಾಲೆ ರಸ್ತೆಗಳಲ್ಲಿ ಓಡಾಡುವ ಪೊಲೀಸ್ ಗಸ್ತು ವಾಹನಗಳಿಗೆ ರಕ್ಷಣಾ ಸಲಕರಣೆ, ಅವುಗಳ ಚಾಲಕರಿಗೆ ವಿಶೇಷ ತರಬೇತಿ ಒದಗಿಸುವ ಬಗ್ಗೆ.

ಮಾನ್ಯರೇ,

ನಾನು ಮಂಡ್ಯದಲ್ಲಿ ಗ್ಯಾರೇಜ್ ನಡೆಸುವ ಮೆಕ್ಯಾನಿಕ್. ಹೆದ್ದಾರಿಯಲ್ಲಿ ಕೆಟ್ಟು ನಿಂತ, ಅಪಘಾತಕ್ಕೆ ಸಿಕ್ಕಿದ ಗಾಡಿಗಳನ್ನು ಎಳೆದು ತರುವ ಟೋಯಿಂಗ್ ಕೆಲಸವನ್ನೂ ಮಾಡುತ್ತೇನೆ. ಹಾಗಾಗಿ ಅಪಘಾತ ನಡೆದ ಜಾಗಕ್ಕೆ ಎಷ್ಟೋ ಸಲ ಪೊಲೀಸರ ಹಿಂದೆಯೇ ಹೋಗಿ ನಿಲ್ಲುತ್ತೇನೆ, ಕೆಲವೊಮ್ಮೆ ಅವರಿಗಿಂತ ಮುಂಚೆಯೇ ಇರುತ್ತೇನೆ. ಅಲ್ಲಿ ಕಣ್ಣಾರೆ ಕಂಡದ್ದನ್ನು ತಮಗೆ ತಿಳಿಸಬೇಕೆಂದು ಈ ಪತ್ರ ಬರೆಯುತ್ತಿದ್ದೇನೆ.

ನಮ್ಮ ಗ್ಯಾರೇಜಿಗೆ ಬರುವ ಹುಡುಗರ ಮೊಬೈಲಿನಲ್ಲಿ ಬೇರೆ ದೇಶಗಳ ಪೊಲೀಸ್ ಕಾರುಗಳ ವಿಡಿಯೊ ಸದಾ ಓಡುತ್ತಿರುತ್ತದೆ. ‘ನಮ್ ಪೊಲೀಸ್ರಿಗೂ ಇಂಥದ್ದೊಂದು ಕೊಟ್ರೆ ಹೈವೇ ಮೇಲೆ ಯಾರೂ ಬಾಲ ಬಿಚ್ಚಲ್ಲ ಅಣ್ಣ’ ಅನ್ನುತ್ತಾರೆ. ಹುಡುಗರ ಆಸೆಯಲ್ಲಿ ತಪ್ಪಿಲ್ಲ. ಆದರೆ ಹೊಸ ಪೊಲೀಸ್ ವಾಹನಗಳಿಗೆ ಹಸಿರು ನಿಶಾನೆ ತೋರಿಸುವ ಸಮಾರಂಭಗಳಲ್ಲೂ ಎಷ್ಟು ಗಾಡಿ, ಯಾವ ಕಂಪನಿಯದು, ಎಷ್ಟು ಬೆಲೆ ಎಂಬಲ್ಲಿಗೇ ಮಾತು ಮುಗಿಯುತ್ತದೆ. ಒಳಗೆ ಏನಿದೆ, ಓಡಿಸುವವನಿಗೆ ಏನು ಕಲಿಸಿದ್ದೀರಿ ಎಂದು ಯಾರೂ ಕೇಳುವುದಿಲ್ಲ. ಎಂಜಿನ್ ಬಿಚ್ಚಿ ಕಟ್ಟುವವನಾಗಿ ನಾನು ಈ ವಿಶೇಷ ಕಾರುಗಳ ಬಗ್ಗೆ ಆಸಕ್ತಿಯಿಂದ ಓದಿಕೊಂಡಿದ್ದೇನೆ. ಅವುಗಳಿಂದ ನಾವು ಕಲಿಯಬೇಕಾದದ್ದು ಬಾನೆಟ್ ಕೆಳಗಿಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ.

ಮೊದಲು ದುಬೈ ವಿಷಯ. ಅಲ್ಲಿನ ಪೊಲೀಸರು 2013ರಲ್ಲಿ ಲ್ಯಾಂಬೋರ್ಗಿನಿ ಅವೆಂಟಡಾರ್ ರಸ್ತೆಗಿಳಿಸಿದರು. ಅದರ ಬೆನ್ನಿಗೇ ಫೆರಾರಿ, ಬೆಂಟ್ಲಿ, ಪ್ರಪಂಚದಲ್ಲಿ ಬರೀ 77 ತಯಾರಾದ ಆಸ್ಟನ್ ಮಾರ್ಟಿನ್ ಒನ್-77, ಆಮೇಲೆ ಬುಗಾಟಿ ವೇರಾನ್ ಬಂದವು. ಗಂಟೆಗೆ 407 ಕಿ.ಮೀ. ಓಡುವ ಆ ಬುಗಾಟಿಗೆ ಸೇವೆಯಲ್ಲಿರುವ ಅತಿ ವೇಗದ ಪೊಲೀಸ್ ಕಾರು ಎಂಬ ಗಿನ್ನೆಸ್ ದಾಖಲೆ 2017ರಲ್ಲಿ ಸಿಕ್ಕಿತು. ಇವೆಲ್ಲ ಹೆಚ್ಚಾಗಿ ನಿಲ್ಲುವುದು ಬುರ್ಜ್ ಖಲೀಫಾದಂಥ ಪ್ರವಾಸಿ ತಾಣಗಳ ಸುತ್ತಮುತ್ತ. ಜನ ಬಂದು ಫೋಟೊ ತೆಗೆಸಿಕೊಳ್ಳಲಿ, ಪೊಲೀಸರ ಹತ್ತಿರ ಮಾತಾಡಲಿ ಎಂಬುದೇ ಉದ್ದೇಶ, ಅದನ್ನು ಅಲ್ಲಿನವರು ಮುಚ್ಚಿಟ್ಟೂ ಇಲ್ಲ. ಆ ಕೆಲಸಕ್ಕೆ ನಮ್ಮ ಮೈಸೂರಿನಲ್ಲಿ ಅಶ್ವಾರೋಹಿ ಪಡೆ ಇದೆ. ಜಂಬೂ ಸವಾರಿಯ ದಿನ ಆ ಕುದುರೆಗಳು ಹೆಜ್ಜೆ ಹಾಕುವುದನ್ನು ನೋಡಿದವರಿಗೆ ಇನ್ನೊಂದು ಲ್ಯಾಂಬೋರ್ಗಿನಿ ಬೇಕೆನಿಸುವುದಿಲ್ಲ.

ಇಟಲಿಯ ಕಥೆ ಬೇರೆ. ಲ್ಯಾಂಬೋರ್ಗಿನಿ ಅವರ ಸ್ವಂತ ನೆಲದ ಕಂಪನಿ. 2004ರಲ್ಲಿ ಆ ಕಂಪನಿ ಗಯಾರ್ಡೊ ಕಾರನ್ನು ರಾಷ್ಟ್ರೀಯ ಪೊಲೀಸರಿಗೆ ಕೊಡುಗೆಯಾಗಿ ಕೊಟ್ಟಿತು. ಮುಂದೆ ಹುರಕಾನ್ ಬಂತು. 5.2 ಲೀಟರ್, ಹತ್ತು ಸಿಲಿಂಡರ್, 610 ಅಶ್ವಶಕ್ತಿ. ಎಂಜಿನ್ ಹಿಂದಿರುವುದರಿಂದ ಈ ಕಾರಿನ ಡಿಕ್ಕಿ ಮುಂದೆ ಬರುತ್ತದೆ. ಇರುವ ಅಷ್ಟು ಚಿಕ್ಕ ಜಾಗದಲ್ಲಿ ಅವರು ಅಂಗಾಂಗ ಸಾಗಿಸಲು ತಂಪು ಪೆಟ್ಟಿಗೆ ಕೂರಿಸಿದರು. ಹೃದಯಕ್ಕೆ ಶಾಕ್ ಕೊಟ್ಟು ಮತ್ತೆ ಬಡಿಯುವಂತೆ ಮಾಡುವ ಡಿಫಿಬ್ರಿಲೇಟರ್ ಇಟ್ಟರು. ಬೆಂಕಿ ನಂದಿಸುವ ಸಿಲಿಂಡರ್ ಇಟ್ಟರು. ಓಡಿಸುವವರನ್ನು ಆರಿಸಿ ಪ್ರತ್ಯೇಕ ತರಬೇತಿ ಕೊಟ್ಟರು. 2020ರ ನವೆಂಬರ್‌ನಲ್ಲಿ ಪಾಡೊವಾ ನಗರದಿಂದ ರೋಮ್‌ನ ಆಸ್ಪತ್ರೆಗೆ, ಸುಮಾರು 490 ಕಿ.ಮೀ. ದೂರ, ಒಂದು ಕಿಡ್ನಿಯನ್ನು ಅದೇ ಕಾರು ಎರಡು ಗಂಟೆಯ ಆಸುಪಾಸಿನಲ್ಲಿ ತಲುಪಿಸಿತು. ಹೆಲಿಕಾಪ್ಟರಿಗೆ ಕಾಯಬೇಕಾಗಲಿಲ್ಲ. ಒಬ್ಬ ರೋಗಿಗೆ ಬದುಕು ಸಿಕ್ಕಿತು.

ಅದೇ ಇಟಲಿಯಲ್ಲಿ ಇನ್ನೊಂದು ಘಟನೆಯೂ ನಡೆದಿದೆ. 2009ರಲ್ಲಿ ವಿದ್ಯಾರ್ಥಿಗಳ ಮೇಳವೊಂದರಲ್ಲಿ ಪ್ರದರ್ಶನಕ್ಕಿಟ್ಟಿದ್ದ ಪೊಲೀಸ್ ಗಯಾರ್ಡೊ ವಾಪಸ್ ಬರುವಾಗ ಕ್ರೆಮೋನಾ ನಗರದ ಹತ್ತಿರ ಪೆಟ್ರೋಲ್ ಬಂಕಿನಿಂದ ಹೊರಬಂದ ಕಾರನ್ನು ತಪ್ಪಿಸಲು ಹೋಗಿ, ನಿಂತಿದ್ದ ಗಾಡಿಗಳಿಗೆ ಗುದ್ದಿ ನುಜ್ಜುಗುಜ್ಜಾಯಿತು. ಒಳಗಿದ್ದ ಪೊಲೀಸರಿಗೆ ಪೆಟ್ಟಾಯಿತು. ತರಬೇತಿ ಪಡೆದವರ ಕೈಯಲ್ಲೂ ಹೀಗಾಗುತ್ತದೆ ಎಂದರೆ, ತರಬೇತಿಯೇ ಇಲ್ಲದವರ ಕೈಗೆ ವೇಗದ ಗಾಡಿ ಕೊಟ್ಟರೆ ಏನಾದೀತು ಎಂಬುದನ್ನು ತಾವೇ ಯೋಚಿಸಬೇಕು.

ಈಗ ನಮ್ಮ ರಸ್ತೆಗೆ ಬರುತ್ತೇನೆ. 2023ರ ಮಾರ್ಚ್ 12ರಂದು ನಮ್ಮ ಗೆಜ್ಜಲಗೆರೆಯಲ್ಲಿ ಪ್ರಧಾನಿಯವರು ಉದ್ಘಾಟಿಸಿದ ಈ ಹೆದ್ದಾರಿ ಸುಮಾರು 118 ಕಿ.ಮೀ. ಉದ್ದವಿದೆ. ಆರಂಭದಲ್ಲಿ ಸಾಲು ಸಾಲು ಸಾವುಗಳಾದವು. ಅದೇ ವರ್ಷದ ಆಗಸ್ಟ್ 1ರಿಂದ ಬೈಕ್, ಆಟೊ, ಟ್ರ್ಯಾಕ್ಟರ್‌ಗಳನ್ನು ಮುಖ್ಯ ರಸ್ತೆಯಿಂದ ಸರ್ವಿಸ್ ರಸ್ತೆಗೆ ಕಳಿಸಲಾಯಿತು. ಗಂಟೆಗೆ 100 ಕಿ.ಮೀ. ಮಿತಿ ಬಿಗಿಯಾಯಿತು, ಕ್ಯಾಮೆರಾಗಳು ಬಂದವು. 2024ರ ಆಗಸ್ಟ್ 1ರಿಂದ 130 ದಾಟಿದವರ ಮೇಲೆ ಎಫ್‌ಐಆರ್ ಹಾಕುವ ಆದೇಶವೂ ಬಂತು. ಇವೆಲ್ಲ ಒಳ್ಳೆಯ ಕ್ರಮಗಳು. ಇದಕ್ಕಾಗಿ ಇಲಾಖೆಗೆ ನಾವು ಋಣಿಗಳು. ಗಾಡಿಯ ನಂಬರ್ ಕ್ಯಾಮೆರಾದಲ್ಲಿ ಸೆರೆಯಾದ ಮೇಲೆ ಅದರ ಹಿಂದೆ ಬೆನ್ನಟ್ಟಿ ಓಡುವ ಅಗತ್ಯವೇ ಇಲ್ಲ, ನೋಟಿಸು ಮನೆ ಬಾಗಿಲಿಗೇ ಹೋಗುತ್ತದೆ. ಹಾಗಾದರೆ ಗಸ್ತು ಗಾಡಿಗೆ ಉಳಿಯುವ ದೊಡ್ಡ ಕೆಲಸ ಯಾವುದು? ಅಪಘಾತವಾದ ಕಡೆಗೆ ಎಲ್ಲರಿಗಿಂತ ಮೊದಲು ಹೋಗುವುದು, ಹಿಂದಿನಿಂದ ಬರುವ ಗಾಡಿಗಳು ಗುದ್ದದಂತೆ ಜಾಗ ಕಾಯುವುದು, ಒಳಗೆ ಸಿಕ್ಕಿಕೊಂಡವರನ್ನು ಹೊರಗೆ ತೆಗೆಯುವುದು.

ಕಳೆದ ಮಳೆಗಾಲದ ಒಂದು ರಾತ್ರಿ ಬೈಪಾಸ್ ಒಂದರ ಮೇಲೆ ನಿಂತಿದ್ದ ಲಾರಿಯ ಹಿಂಬದಿಗೆ ಕಾರೊಂದು ನುಗ್ಗಿತ್ತು. ಫೋನ್ ಬಂದ ಕೂಡಲೇ ನಾನು ಟೋಯಿಂಗ್ ಗಾಡಿ ತೆಗೆದುಕೊಂಡು ಹೋದೆ. ಗಸ್ತು ಗಾಡಿ ನನಗಿಂತ ಮೊದಲೇ ಬಂದಿತ್ತು. ಅದು ಯಾವ ಠಾಣೆಯ ಸರಹದ್ದು ಎಂದು ಇಲ್ಲಿ ಬರೆಯುವುದಿಲ್ಲ, ಯಾಕೆಂದರೆ ಕೆಳಗಿನ ಸಿಬ್ಬಂದಿಯ ಮೇಲೆ ಕ್ರಮ ಆಗಲಿ ಎಂಬುದು ನನ್ನ ಉದ್ದೇಶವಲ್ಲ. ಆ ಇಬ್ಬರು ಪೊಲೀಸರು ತಮ್ಮ ಕೈಲಾದದ್ದನ್ನೆಲ್ಲ ಮಾಡುತ್ತಿದ್ದರು. ಓಡಿಸುತ್ತಿದ್ದವರ ಎಡಗಾಲು ಡ್ಯಾಶ್‌ಬೋರ್ಡ್ ಮತ್ತು ಸೀಟಿನ ನಡುವೆ ಸಿಕ್ಕಿತ್ತು. ಬಾಗಿಲು ಒಳಕ್ಕೆ ಮಡಚಿ ಲಾಕ್ ಆಗಿತ್ತು. ಗಸ್ತು ಗಾಡಿಯ ಡಿಕ್ಕಿ ತೆರೆದರೆ ಕೆಲವು ಕೋನ್, ಲಾಠಿಗಳು, ಒದ್ದೆ ರೇನ್‌ಕೋಟು, ಒಂದು ಟಾರ್ಚ್. ಫಸ್ಟ್ ಏಡ್ ಪೆಟ್ಟಿಗೆಯಲ್ಲಿ ಒಂದು ಸುರುಳಿ ಬ್ಯಾಂಡೇಜು, ಮುಚ್ಚಳ ಗಟ್ಟಿಯಾಗಿ ಅಂಟಿಕೊಂಡಿದ್ದ ಅಯೋಡಿನ್ ಶೀಷೆ. ಕಟ್ಟರ್ ಇಲ್ಲ, ಸ್ಟ್ರೆಚರ್ ಇಲ್ಲ, ಒಂದು ಹಾರೆಯೂ ಇಲ್ಲ. ಚಿಕ್ಕ ವಯಸ್ಸಿನ ಕಾನ್‌ಸ್ಟೆಬಲ್ ನನ್ನ ಕೈ ಹಿಡಿದುಕೊಂಡು, ‘ಅಣ್ಣ, ನಮ್ಗೆ ಗಾಡೀಲಿ ಏನೂ ಕೊಟ್ಟಿಲ್ಲ, ನಿಮ್ಮತ್ರ ಏನೈತೆ ತೆಗೀರಣ್ಣ’ ಅಂದರು.

ನನ್ನ ಹತ್ತಿರ ಇದ್ದದ್ದು ಗ್ಯಾರೇಜಿನ ಹಾರೆ, ಚೈನು, ಭಾರ ಎಳೆಯುವ ರಾಟೆಯಂಥ ವಿಂಚು. ಬಾಗಿಲ ಕಂಬಕ್ಕೆ ಚೈನು ಸುತ್ತಿ ವಿಂಚಿನಿಂದ ಸ್ವಲ್ಪ ಸ್ವಲ್ಪವೇ ಎಳೆದೆವು. ವಿಂಚು ಎಳೆದಾಗೆಲ್ಲ ಕಾರಿಗೆ ಕಾರೇ ಅಲುಗುತ್ತಿತ್ತು. ಅಲುಗಿದಾಗೆಲ್ಲ ಒಳಗಿದ್ದವರು ಕೂಗುತ್ತಿದ್ದರು. ಆ ಕಾನ್‌ಸ್ಟೆಬಲ್ ಕಿಟಕಿಯಿಂದ ಅರ್ಧ ದೇಹ ಒಳಗೆ ಹಾಕಿ ಅವರ ಕುತ್ತಿಗೆ ಅಲುಗದಂತೆ ಎರಡೂ ಕೈಯಲ್ಲಿ ಹಿಡಿದುಕೊಂಡೇ ನಿಂತಿದ್ದರು. ನಾವಿನ್ನೂ ಬಾಗಿಲು ಕೀಳುತ್ತಿರುವಾಗಲೇ ಆಂಬುಲೆನ್ಸ್ ಬಂದು ಕಾಯುತ್ತಾ ನಿಂತಿತು. ಮಡಚಿದ ಲೋಹವನ್ನು ಅಗಲಿಸಿ ತೆರೆಯುವ ಹೈಡ್ರಾಲಿಕ್ ಸ್ಪ್ರೆಡರ್ ಇದ್ದಿದ್ದರೆ ಕೆಲವೇ ನಿಮಿಷದ ಕೆಲಸ. ಈಗ ಬ್ಯಾಟರಿಯಲ್ಲಿ ನಡೆಯುವಂಥವೂ ಬಂದಿವೆ, ಒಬ್ಬರೇ ಎತ್ತಿ ಹಿಡಿಯಬಹುದು. ಆ ವ್ಯಕ್ತಿ ಬದುಕಿದರು. ಕಾಲು ಉಳಿಯಲಿಲ್ಲ. ತಡವಾದದ್ದರಿಂದಲೇ ಹೋಯಿತು ಎಂದು ಹೇಳಲು ನಾನು ಡಾಕ್ಟರಲ್ಲ. ಆದರೆ ಮೋಟಾರು ವಾಹನ ಕಾಯ್ದೆಗೇ 2019ರ ತಿದ್ದುಪಡಿಯಲ್ಲಿ ‘ಗೋಲ್ಡನ್ ಅವರ್’ ಎಂಬುದನ್ನು ಸೇರಿಸಲಾಗಿದೆ. ಪೆಟ್ಟಾದ ಮೊದಲ ಒಂದು ಗಂಟೆಯಲ್ಲಿ ಚಿಕಿತ್ಸೆ ಸಿಕ್ಕರೆ ಬದುಕುವ ಸಾಧ್ಯತೆ ಅತಿ ಹೆಚ್ಚು ಎಂದು ಕಾನೂನೇ ಹೇಳುವಾಗ, ಮೊದಲು ಬರುವ ಗಾಡಿ ಬರಿಗೈಯಲ್ಲಿ ಬರುವುದು ಯಾವ ನ್ಯಾಯ?

ಇನ್ನೊಂದು ಸಂಗತಿ. ಬ್ಯಾಟರಿ ಇಳಿದು ನಿಂತ ಪೊಲೀಸ್ ಗಾಡಿಯೊಂದನ್ನು ಸ್ಟಾರ್ಟ್ ಮಾಡಿಕೊಡಲು ಒಮ್ಮೆ ಕರೆದರು. ಬಗ್ಗಿ ನೋಡಿದರೆ ಮುಂದಿನ ಎರಡೂ ಟೈರಿನ ಗುಂಡಿ, ಅಂದರೆ ಮೇಲ್ಮೈಯ ಗೀರುಗಳು, ಪೂರ್ತಿ ಸವೆದು ಮಧ್ಯದಲ್ಲಿ ನುಣ್ಣಗಾಗಿತ್ತು. ಕಾನೂನಿನ ಪ್ರಕಾರ ಕನಿಷ್ಠ 1.6 ಮಿ.ಮೀ. ಆಳ ಇರಲೇಬೇಕು. ಬೆರಳಿಟ್ಟು ಸವರಿದರೆ ಒಂದು ಗೆರೆಯೂ ಸಿಗಲಿಲ್ಲ. ಬ್ರೇಕ್ ಪ್ಯಾಡ್ ಕಬ್ಬಿಣಕ್ಕೆ ತಾಗುವ ಹಂತಕ್ಕೆ ಬಂದಿತ್ತು. ಡ್ರೈವರ್ ಸಾಹೇಬರನ್ನು ಕೇಳಿದರೆ, ‘ಬರ್ದು ಕಳ್ಸಿದೀನಿ, ಮಂಜೂರಾಗೋವರ್ಗೂ ಹಿಂಗೇ ಓಡಿಸ್ಬೇಕು’ ಅಂದರು. ಗುಂಡಿ ಇಲ್ಲದ ಟೈರು ರಸ್ತೆಯ ಮೇಲಿನ ನೀರನ್ನು ಹೊರಕ್ಕೆ ತಳ್ಳಲಾರದು, ಗಾಡಿ ನೀರಿನ ಮೇಲೇ ತೇಲಲು ಶುರುವಾಗುತ್ತದೆ, ಸ್ಟಿಯರಿಂಗ್ ತಿರುಗಿಸಿದರೂ ತಿರುಗುವುದಿಲ್ಲ. ಬ್ರೇಕಿನ ಲೆಕ್ಕವೂ ಹೀಗೆಯೇ. ವೇಗ ಎರಡರಷ್ಟಾದರೆ ಬ್ರೇಕ್ ಹಿಡಿದ ಮೇಲೆ ನಿಲ್ಲಲು ಬೇಕಾಗುವ ದೂರ ನಾಲ್ಕರಷ್ಟಾಗುತ್ತದೆ. 50ರಲ್ಲಿ ತಡೆದುಕೊಂಡ ಸವೆದ ಪ್ಯಾಡು 100ರಲ್ಲಿ ಕೈಕೊಡುತ್ತದೆ. ಆ ಗಾಡಿಯಲ್ಲಿ ಕೂತು ಹೋಗುವವರಿಗೂ ಹೆಂಡತಿ ಮಕ್ಕಳಿದ್ದಾರೆ.

ಮೈಸೂರಿನ ಆಸ್ಪತ್ರೆಗಳಿಂದ ದಾನಿಗಳ ಅಂಗಾಂಗಗಳನ್ನು ಗ್ರೀನ್ ಕಾರಿಡಾರ್ ಮಾಡಿ, ಅಂದರೆ ಬೇರೆ ವಾಹನ ತಡೆದು ದಾರಿ ತೆರವು ಮಾಡಿ, ಬೆಂಗಳೂರಿಗೆ ಇದೇ ರಸ್ತೆಯಲ್ಲಿ ಕಳಿಸುತ್ತಾರೆ. ದುಃಖದ ನಡುವೆಯೂ ಅಂಗಾಂಗ ದಾನಕ್ಕೆ ಒಪ್ಪುವ ಮನೆಯವರದು ದೊಡ್ಡ ಮನಸ್ಸು. ಹೃದಯವನ್ನು ತೆಗೆದ ಮೇಲೆ ನಾಲ್ಕರಿಂದ ಆರು ಗಂಟೆಯೊಳಗೆ ಇನ್ನೊಬ್ಬರಿಗೆ ಜೋಡಿಸಬೇಕಾಗುತ್ತದೆ. ಅಂಥ ಹೊತ್ತಿನಲ್ಲಿ ಆಂಬುಲೆನ್ಸಿನ ಮುಂದೆ ಎಸ್ಕಾರ್ಟ್ ಆಗಿ ಓಡುವುದು ಇಂಥದೇ ಟೈರಿನ ಗಾಡಿಯಾಗಿದ್ದರೆ? ಲಂಡನ್‌ನಲ್ಲಿ 1987ರ ಮೇ ತಿಂಗಳಲ್ಲಿ ಪೊಲೀಸರು ಸ್ಟ್ಯಾನ್‌ಸ್ಟೆಡ್ ವಿಮಾನ ನಿಲ್ದಾಣದಿಂದ ನಗರದ ಮಧ್ಯದ ಆಸ್ಪತ್ರೆಗೆ ಒಂದು ಯಕೃತ್ತನ್ನು ಕೊಂಡೊಯ್ದರು. ಹಗಲು ಹೊತ್ತಿನ ವಾಹನ ದಟ್ಟಣೆ ಸೀಳಿಕೊಂಡು ಸುಮಾರು ಅರ್ಧ ಗಂಟೆಯಲ್ಲಿ ತಲುಪಿಸಿದರು. ಬಳಸಿದ್ದು ರೋವರ್ ಕಂಪನಿಯ ಕಾರುಗಳನ್ನು. ಎಂಟು ಸಿಲಿಂಡರಿನ ಗಟ್ಟಿ ಎಂಜಿನ್ ಇತ್ತು ನಿಜ, ಆದರೆ ಯಾರು ಬೇಕಾದರೂ ಶೋರೂಮಿನಲ್ಲಿ ಕೊಳ್ಳಬಹುದಾಗಿದ್ದ ಮನೆಮಂದಿ ಕಾರು ಅದು. ಯಕೃತ್ತನ್ನು ಅಷ್ಟು ಬೇಗ ತಲುಪಿಸಿದ್ದು ಸ್ಟಿಯರಿಂಗ್ ಹಿಡಿದಿದ್ದವರ ಪಳಗಿದ ಕೈ, ಜೊತೆಗೆ ಪ್ರತಿ ವೃತ್ತದಲ್ಲೂ ದಾರಿ ಬಿಡಿಸಿ ನಿಂತಿದ್ದ ಪೊಲೀಸರ ಹೊಂದಾಣಿಕೆ.

ಆ ಕೈ ತಾನಾಗಿ ಪಳಗಿದ್ದಲ್ಲ. 1930ರ ದಶಕದಲ್ಲೇ ಲಂಡನ್ ಪೊಲೀಸರು ಹೆಂಡನ್ ಎಂಬಲ್ಲಿ ಚಾಲನಾ ಶಾಲೆ ತೆರೆದರು. ಪೊಲೀಸ್ ಗಾಡಿಗಳೇ ಅಪಘಾತ ಮಾಡುವುದು ವಿಪರೀತವಾದಾಗ, ರೇಸಿನಲ್ಲಿ ಕಾರು ಓಡಿಸುತ್ತಿದ್ದ ಲಾರ್ಡ್ ಕಾಟೆನ್‌ಹ್ಯಾಮ್ ಅವರನ್ನು ಕರೆಸಿ ಪಾಠಕ್ರಮ ಸಿದ್ಧಪಡಿಸಿದರು. ರಸ್ತೆಯನ್ನು ದೂರದಿಂದಲೇ ಓದುವುದು ಹೇಗೆ, ತಿರುವಿಗೆ ಮುಂಚೆ ಯಾವಾಗ ವೇಗ ಇಳಿಸಬೇಕು, ಯಾವ ಗೇರಿನಲ್ಲಿರಬೇಕು ಎಂಬುದನ್ನೆಲ್ಲ ಒಂದು ಕ್ರಮವಾಗಿ ಕಲಿಸಿದರು. ಅಪಘಾತಗಳು ಇಳಿದವು. ನಮ್ಮಲ್ಲಿ ಇಲಾಖೆಯ ಚಾಲಕರಿಗೆ ತರಬೇತಿ ಇಲ್ಲವೆಂದು ನಾನು ಹೇಳುತ್ತಿಲ್ಲ. ಎಕ್ಸ್‌ಪ್ರೆಸ್‌ವೇ ವೇಗದಲ್ಲಿ, ಮಳೆಯಲ್ಲಿ, ಕತ್ತಲಲ್ಲಿ ಗಾಡಿ ಹಿಡಿತದಲ್ಲಿಟ್ಟುಕೊಳ್ಳುವ ಪ್ರತ್ಯೇಕ ತರಬೇತಿ ನನ್ನ ಪರಿಚಯದ ಯಾವ ಪೊಲೀಸ್ ಚಾಲಕರಿಗೂ ಸಿಕ್ಕಿಲ್ಲ. ಮೈಸೂರಿನಲ್ಲೇ ಕರ್ನಾಟಕ ಪೊಲೀಸ್ ಅಕಾಡೆಮಿ ಇದೆ. ಅದರ ಸುಪರ್ದಿಯಲ್ಲೇ ಇದನ್ನು ಶುರು ಮಾಡಬಹುದು.

ವಿದೇಶದ ಮಾತು ನಮಗೆ ದೂರವೆನಿಸಿದರೆ ಪಂಜಾಬ್ ನೋಡಿ. 2024ರ ಜನವರಿಯಲ್ಲಿ ಅಲ್ಲಿನ ಸರ್ಕಾರ ರಸ್ತೆ ಸುರಕ್ಷತೆಗೆಂದೇ ಪ್ರತ್ಯೇಕ ಪೊಲೀಸ್ ಪಡೆ ಕಟ್ಟಿತು. ಟೊಯೊಟಾ ಹೈಲಕ್ಸ್ ಮತ್ತು ಸ್ಕಾರ್ಪಿಯೊ ಸೇರಿ 144 ಗಾಡಿ. ಹೆದ್ದಾರಿಯಲ್ಲಿ 30 ಕಿ.ಮೀ.ಗೆ ಒಂದರಂತೆ ನಿಲ್ಲಿಸಿ, ಒಳಗೆ ತುರ್ತು ಚಿಕಿತ್ಸೆಯ ಸಾಮಗ್ರಿ ಇಟ್ಟು, ಪ್ರಥಮ ಚಿಕಿತ್ಸೆ ಕಲಿತ ಸಿಬ್ಬಂದಿ ಕೂರಿಸಿದರು. ಹೈಲಕ್ಸ್ ಪಿಕಪ್ ಗಾಡಿ. ಹಿಂದೆ ತೊಟ್ಟಿ ಇರುವುದರಿಂದ ಭಾರದ ಸಲಕರಣೆ ಹಿಡಿಸುತ್ತದೆ, ನಾಲ್ಕೂ ಚಕ್ರಕ್ಕೆ ಎಳೆತ ಇರುವುದರಿಂದ ಕೆಸರಿಗೂ ಹೆದರುವುದಿಲ್ಲ. ಗಾಡಿ ಆರಿಸಿದವರು ಕೆಲಸ ನೋಡಿ ಆರಿಸಿದ್ದಾರೆ. ಇದೇ ಲೆಕ್ಕ ಹಿಡಿದರೆ ನಮ್ಮ 118 ಕಿ.ಮೀ.ಗೆ ನಾಲ್ಕು ಗಾಡಿ ಸಾಕು. ರಾತ್ರಿ ಪಾಳಿಗೆ, ರಿಪೇರಿಗೆ ಹೋದಾಗ ಬದಲಿಗೆ ಎಂದು ಇನ್ನೆರಡು ಸೇರಿಸಿದರೂ ಸರ್ಕಾರಕ್ಕೆ ದೊಡ್ಡ ಹೊರೆಯಲ್ಲ.

ಮಾನ್ಯ ಸಚಿವರೇ, ಮಂಡ್ಯದವನಾಗಿ ವಿ.ಸಿ. (ವಿಶ್ವೇಶ್ವರಯ್ಯ) ನಾಲೆಯ ಮಾತೆತ್ತದೆ ಈ ಪತ್ರ ಮುಗಿಸಲು ನನ್ನಿಂದಾಗದು. 2018ರ ನವೆಂಬರ್ 24ರ ಶನಿವಾರ ಪಾಂಡವಪುರ ತಾಲ್ಲೂಕಿನ ಕನಗನಮರಡಿ ಹತ್ತಿರ ಖಾಸಗಿ ಬಸ್ಸು ನಾಲೆಗೆ ಉರುಳಿ 30 ಜನ ಸತ್ತರು. ಅವರಲ್ಲಿ ಶಾಲೆಯಿಂದ ಮನೆಗೆ ಹೊರಟಿದ್ದ ಮಕ್ಕಳಿದ್ದರು. ಗದ್ದೆಯಲ್ಲಿದ್ದ ರೈತರು ಉಟ್ಟ ಬಟ್ಟೆಯಲ್ಲೇ ನೀರಿಗೆ ಹಾರಿದರು. ಅದಾದ ಮೇಲೂ, 2023ರಲ್ಲೂ, ಇದೇ ಜಿಲ್ಲೆಯಲ್ಲಿ ಕಾರುಗಳು ನಾಲೆಗೆ ಬಿದ್ದು ಒಳಗಿದ್ದವರು ಜಲಸಮಾಧಿಯಾದರು. ತಡೆಗೋಡೆ ಕಟ್ಟುವುದು ಬೇರೆ ಇಲಾಖೆಯ ಕೆಲಸ, ಆ ಬಗ್ಗೆ ಜಿಲ್ಲೆಯ ಜನ ಕೂಗಿ ಕೂಗಿ ಸಾಕಾಗಿದ್ದಾರೆ. ಆದರೆ ನಾಲೆ ಏರಿಯ ಮೇಲೆ ಓಡಾಡುವ ಪೊಲೀಸ್ ಗಾಡಿಯಲ್ಲಿ ಉದ್ದದ ಹಗ್ಗ, ಲೈಫ್ ಜಾಕೆಟ್, ಗಾಜು ಒಡೆಯುವ ಸುತ್ತಿಗೆ, ಸೀಟ್‌ಬೆಲ್ಟ್ ಕೊಯ್ಯುವ ಚಾಕು, ಮುಂದಿನ ಬಂಪರಿಗೆ ಒಂದು ವಿಂಚು ಇರುವುದು ತಮ್ಮ ಕೈಯಲ್ಲಿದೆ. ಅಗ್ನಿಶಾಮಕ ದಳ ಬರುವವರೆಗೆ ನೀರಿನೊಳಗಿನ ಜೀವ ಕಾಯುವುದಿಲ್ಲ.

ದುಡ್ಡು ಎಲ್ಲಿಂದ ಎಂದು ಕೇಳಿದರೆ ಒಂದು ಮಾತು. ಚೆಕ್ ಗಣರಾಜ್ಯದ ಪೊಲೀಸರು 2023ರಲ್ಲಿ ಅಪರಾಧಿಗಳಿಂದ ವಶಪಡಿಸಿಕೊಂಡ ಫೆರಾರಿ 458ಕ್ಕೆ ಪೊಲೀಸ್ ಬಣ್ಣ ಬಳಿದು ಹೆದ್ದಾರಿಗಿಳಿಸಿದರು. ನಮ್ಮ ರಾಜ್ಯದ ಯಾವ ಠಾಣೆಗೆ ಹೋದರೂ ಜಪ್ತಿಯಾದ ಗಾಡಿಗಳು ಬಳ್ಳಿ ಹಬ್ಬಿಸಿಕೊಂಡು ತುಕ್ಕು ತಿನ್ನುತ್ತಿರುತ್ತವೆ. ಇಂಥ ಗಾಡಿಗಳನ್ನು ಠಾಣೆಯಲ್ಲಿ ವರ್ಷಗಟ್ಟಲೆ ಕೊಳೆಹಾಕಬಾರದು ಎಂದು ಸುಪ್ರೀಂ ಕೋರ್ಟ್ 2002ರಲ್ಲೇ ಹೇಳಿದೆ. ಮೊದಲ ಎರಡು ಮಳೆಗಾಲದಲ್ಲೇ ಗಾಡಿಯ ಅರ್ಧ ಬೆಲೆ ಮಣ್ಣುಪಾಲಾಗುತ್ತದೆ, ಇದನ್ನು ಮೆಕ್ಯಾನಿಕ್ ಆಗಿ ಹೇಳುತ್ತಿದ್ದೇನೆ. ನ್ಯಾಯಾಲಯದ ಅನುಮತಿ ಪಡೆದು ಅವುಗಳನ್ನು ಕಾಲಕಾಲಕ್ಕೆ ಹರಾಜು ಹಾಕಿ, ಸರ್ಕಾರಕ್ಕೆ ಸಲ್ಲುವ ಹಣದಲ್ಲಿ ಒಂದು ಪಾಲನ್ನಾದರೂ ಗಸ್ತು ಗಾಡಿಗಳ ಸಲಕರಣೆಗೆ ತೆಗೆದಿಡಬಹುದು.

ತಮ್ಮಲ್ಲಿ ನನ್ನ ಕೋರಿಕೆ ಇಷ್ಟು. ಬೆಂಗಳೂರು–ಮೈಸೂರು ಹೆದ್ದಾರಿಯ ಪ್ರತಿ ಗಸ್ತು ಗಾಡಿಯಲ್ಲಿ ಬ್ಯಾಟರಿ ಚಾಲಿತ ಕಟ್ಟರ್ ಮತ್ತು ಸ್ಪ್ರೆಡರ್, ಮಡಚುವ ಸ್ಟ್ರೆಚರ್, ಕುತ್ತಿಗೆ ಪಟ್ಟಿ, ರಕ್ತ ನಿಲ್ಲಿಸುವ ಸಾಮಗ್ರಿ, ಬೆಂಕಿ ಆರಿಸುವ ಸಿಲಿಂಡರ್, ದೂರಕ್ಕೆ ಕಾಣುವ ಎಚ್ಚರಿಕೆ ದೀಪ ಇರಲಿ. ಇವುಗಳ ಪಟ್ಟಿಯನ್ನು ಗಾಡಿಯ ಬಾಗಿಲ ಒಳಭಾಗದಲ್ಲಿ ಅಂಟಿಸಿ, ಪಾಳಿ ಬದಲಾಗುವಾಗ ಇಬ್ಬರೂ ಪರಿಶೀಲಿಸಿ ಸಹಿ ಹಾಕುವ ಪದ್ಧತಿ ತರಬೇಕು. ಇಲ್ಲದಿದ್ದರೆ ಕೊಟ್ಟ ಸಾಮಾನು ಆರು ತಿಂಗಳಲ್ಲಿ ಸ್ಟೋರ್ ರೂಮು ಸೇರುತ್ತದೆ. ಟೈರು, ಬ್ರೇಕ್ ಪ್ಯಾಡುಗಳಿಗೆ ಮಂಜೂರಾತಿ ಕಾಯದೆ ಜಿಲ್ಲಾ ಮಟ್ಟದಲ್ಲೇ ತಕ್ಷಣ ಬದಲಿಸುವ ಅಧಿಕಾರ ಕೊಡಿ. 1.6 ಮಿ.ಮೀ.ಗಿಂತ ಸವೆದ ಟೈರಿನ ಗಾಡಿ ಹೆದ್ದಾರಿಗೆ ಹೋಗಕೂಡದು ಎಂದು ಲಿಖಿತ ಆದೇಶ ಮಾಡಿ. ಚಾಲಕರಿಗೆ ತರಬೇತಿ, ಅವರ ಜೊತೆ ಹೋಗುವವರಿಗೆ ಪ್ರಥಮ ಚಿಕಿತ್ಸೆಯ ಕಲಿಕೆ ಕಡ್ಡಾಯವಾಗಲಿ. ಗ್ರೀನ್ ಕಾರಿಡಾರ್ ಎಸ್ಕಾರ್ಟಿಗೆ ಮೈಸೂರಿನಲ್ಲಿ ಒಂದು ಗಾಡಿಯನ್ನು ಸದಾ ಸುಸ್ಥಿತಿಯಲ್ಲಿ ಮೀಸಲಿಡಿ. ನಾಲೆ ಏರಿಯ ಠಾಣೆಗಳಿಗೆ ಮುಂದಿನ ಮಳೆಗಾಲಕ್ಕೆ ಮುಂಚೆ ಹಗ್ಗ, ಜಾಕೆಟ್, ವಿಂಚು ತಲುಪಲಿ.

ಹೊಡೆತ ತಿಂದು ಮಡಚಿದ ಬಾಗಿಲನ್ನು ಎಲ್ಲಿ ಹಿಡಿದು ಬಿಚ್ಚಬೇಕು, ಕಂಬವನ್ನು ಎಲ್ಲಿ ಕೊಯ್ಯಬೇಕು, ಏರ್‌ಬ್ಯಾಗ್ ಇರುವ ಕಡೆ ಯಾಕೆ ಕಟ್ಟರ್ ಹಾಕಬಾರದು, ಎಲೆಕ್ಟ್ರಿಕ್ ಕಾರಿನ ಬ್ಯಾಟರಿ ಸಂಪರ್ಕ ಮೊದಲು ಹೇಗೆ ತಪ್ಪಿಸಬೇಕು ಎಂಬುದು ನಮ್ಮಂಥ ಮೆಕ್ಯಾನಿಕ್‌ಗಳಿಗೆ ಗೊತ್ತಿರುತ್ತದೆ. ಗಸ್ತು ಸಿಬ್ಬಂದಿಯನ್ನು ಕಳಿಸಿಕೊಟ್ಟರೆ ನಮ್ಮ ಗ್ಯಾರೇಜಿನಲ್ಲಿರುವ ಗುಜರಿ ಕಾರುಗಳ ಮೇಲೆ ಇದನ್ನು ಕೈಯಾರೆ ಮಾಡಿ ತೋರಿಸಲು ನಾನು ಸಿದ್ಧ, ಒಂದು ರೂಪಾಯಿಯೂ ಬೇಡ. ಮಂಡ್ಯ, ಮದ್ದೂರು, ಶ್ರೀರಂಗಪಟ್ಟಣದ ನನ್ನ ಸಹೋದ್ಯೋಗಿಗಳೂ ಕೈಜೋಡಿಸುತ್ತಾರೆಂಬ ಭರವಸೆ ನನಗಿದೆ. ತಮ್ಮ ಕಚೇರಿಯಿಂದ ಯಾವ ಅಧಿಕಾರಿಯನ್ನು ಯಾವ ದಿನ ಕಾಣಬೇಕೆಂದು ತಿಳಿಸಿದರೆ, ಸಲಕರಣೆಗಳ ಪೂರ್ತಿ ಪಟ್ಟಿಯನ್ನು ಹಿಡಿದುಕೊಂಡು ನಾನೇ ಬರುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ಗ್ಯಾರೇಜ್ ಮೆಕ್ಯಾನಿಕ್,
ಮಂಡ್ಯ